ಐವತ್ತನಾಲ್ಕು ಹಲ್ಲಿನ ಸ್ಪ್ರಾಕೆಟ್

ಇನ್ನೊಂದು ದೂರು ಬಂದರೆ ಕಿತ್ತಳೆ ಜಾಕೀಟು ಬಿಚ್ಚಿಡಬೇಕೆಂದು ಬೈಕ್ ಟ್ಯಾಕ್ಸಿ ಸ್ಟ್ಯಾಂಡಿನ ಅಧ್ಯಕ್ಷ ದೊನ್ ಒವಿದಿಯೊ ಬೆಳಿಗ್ಗೆಯೇ ಲಿಬ್ರಾದೊಗೆ ಹೇಳಿದ್ದರು. ಅವನ ಬೈಕು ಬಲು ನಿಧಾನ ಎಂಬುದೇ ಎಲ್ಲರ ದೂರು. ಆ ಜಾಕೀಟು ಇಲ್ಲದೆ ಲಾಸ್ ಪಾಲ್ಮಿತಾಸ್‌ನಲ್ಲಿ ಒಂದು ಕೋಳಿಯನ್ನೂ ಬಾಡಿಗೆಗೆ ಕೂರಿಸಿಕೊಳ್ಳುವಂತಿರಲಿಲ್ಲ.

"ಹಿಂದಿನ ಚಕ್ರಕ್ಕೆ ಚೈನ್ ಸ್ಪ್ರಾಕೆಟ್ ದೊಡ್ಡದು ಹಾಕ್ಸೋ," ಎಂದ ಡೊಮಿನೊ ಆಡುತ್ತಿದ್ದ ನಿನೊ. "ಹಲ್ಲು ಜಾಸ್ತಿ ಇದ್ರೆ ರಸ್ತೇನೂ ಜಾಸ್ತಿ ಕಚ್ಚುತ್ತೆ."

ಮೆಕ್ಯಾನಿಕ್ ಚಾಗೊ ಬೇಡವೆಂದು ತಲೆಯಾಡಿಸಿದ. "ಅದು ಗುಡ್ಡ ಹತ್ತೋಕೆ ಕಣಪ್ಪಾ. ಇಂಜಿನ್ ಎಷ್ಟು ಸುತ್ತಿದ್ರೂ ಚಕ್ರ ಸುತ್ತೋದು ಕಮ್ಮಿ."

"ನೀನು ಬೈಕ್ ಕೆಳಗೆ ಮಲಗೋನು," ಎಂದ ಲಿಬ್ರಾದೊ. " ನಿನೊ ಮೇಲೆ ಕೂತು ನೋಡಿದೋನು. ಹಾಕು ಸುಮ್ನೆ."

ಮೂವತ್ತಾರು ಹಲ್ಲಿನದು ಹೋಗಿ ಐವತ್ತನಾಲ್ಕು ಹಲ್ಲಿನದು ಬಂತು. ಗಿರಾಕಿಯಾಗಿ ಕಪ್ಪು ಉಡುಪಿನ ದೊನ್ಯಾ ಫೆಲಿಪಾ ಕೂಡ ಬಂದರು.

"ನನ್ನ ಹಳೇ ಗಂಡ ಸತ್ತಿದಾನೆ. ಅವನ ಎರಡನೇ ಹೆಂಡತಿಗಿಂತ ಮುಂಚೆ ಹೆಣದ ಪೆಟ್ಟಿಗೆ ಪಕ್ಕದ ಕುರ್ಚಿ ಹಿಡೀಬೇಕು. ಓಡಿಸು."

ಬೈಕು ಚೇಳು ಕುಟುಕಿದ ಆಡಿನಂತೆ ನೆಗೆಯಿತು. ಸಮುದ್ರದ ದಾರಿಗೆ ಬರುವಷ್ಟರಲ್ಲಿ ಇಂಜಿನ್ನು ಹಿಡಿದು ಕಟ್ಟಿದ ಹಂದಿಯಂತೆ ಅರಚುತ್ತಿತ್ತು. ವೇಗದ ಮುಳ್ಳು ತೊಂಬತ್ತು ಮುಟ್ಟಿತು. ಲಿಬ್ರಾದೊನ ಎದೆ ಉಬ್ಬಿತು. ಆಗ ಬಾಳೆಕಾಯಿ ಲಾರಿ ಅವನನ್ನು ಹಿಂದೆ ಹಾಕಿತು. ಆಮೇಲೆ ಬಸ್ಸು. ಕೊನೆಗೆ ಮೀನು ಮಾರುವವನೊಬ್ಬ ಹೆಂಡತಿ, ಮಗು, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಬೈಕಿಗೆ ಹೇರಿಕೊಂಡು ಟಾಟಾ ಮಾಡಿ ಹೋದ. ಹಿಂದೆ ಕೂತ ಫೆಲಿಪಾರ ಉಗುರು ಲಿಬ್ರಾದೊನ ಪಕ್ಕೆಗೆ ಇಳಿಯುತ್ತಿತ್ತು.

ಸಾವಿನ ಮನೆಗೆ ಹೋಗಿ ನೋಡಿದರೆ ಎರಡನೆಯವಳು ಅದೇ ಕುರ್ಚಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

"ಮುಳ್ಳಿನ ಕೇಬಲ್ ಇಂಜಿನ್ ಕಡೆಯಿಂದ ಬರುತ್ತೆ," ಎಂದ ಚಾಗೊ, ವಾಪಸ್ ಬಂದವನಿಗೆ. "ಹಿಂದೆ ಏನು ಬದಲಾಯ್ತು ಅಂತ ಅದಕ್ಕೇನು ಗೊತ್ತು? ಅದು ತೊಂಬತ್ತು ಅಂದ್ರೆ, ನೀನು ಅರವತ್ತು."

ಸ್ಟ್ಯಾಂಡಿನಲ್ಲಿ ದೊನ್ ಒವಿದಿಯೊ ಜಾಕೀಟಿಗಾಗಿ ಕೈ ಚಾಚಿ ನಿಂತಿದ್ದರು. "ಫೆಲಿಪಾ ಫೋನ್ ಮಾಡಿದ್ರು."

"ತಡ ಆಗಿದ್ದು ನಿಜ, ದೊನ್."

"ತಡದ ಮಾತು ಯಾರು ಎತ್ತಿದ್ರು? ಆ ಎರಡನೆಯವಳು ನಿನ್ನೆಯಿಂದ ಕುರ್ಚಿ ಬಿಟ್ಟಿಲ್ವಂತೆ. ಇವರು ದಾರಿಯುದ್ದಕ್ಕೂ ನಿನ್ನ ಭುಜದ ಮೇಲಿಂದ ಮುಳ್ಳು ನೋಡ್ತಾ ಜಪ ಮಾಡಿದಾರೆ. ಎಪ್ಪತ್ತು ವರ್ಷದ ಹೆಂಗಸನ್ನ ತೊಂಬತ್ತರಲ್ಲಿ ಹೊತ್ಕೊಂಡು ಹೋಗ್ತೀಯಾ? ಕೊಲ್ಲೋಕೆ ಹೊರಟಿದ್ಯಾ?"

ಅರವತ್ತು ಎನ್ನಲು ಲಿಬ್ರಾದೊ ಬಾಯಿ ತೆರೆದ. ಡೊಮಿನೊ ಮೇಜಿನ ಸುತ್ತ ಇದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಮೊದಲ ಸಲ ಏನೋ ಗೌರವವಿತ್ತು. ಅರವತ್ತೆಂದರೂ ಜಾಕೀಟು ಹೋಗುತ್ತದೆ, ತೊಂಬತ್ತೆಂದರೂ ಹೋಗುತ್ತದೆ.

ಅವನು ನಿಧಾನವಾಗಿ ಜಾಕೀಟು ಬಿಚ್ಚಿಕೊಟ್ಟ.

"ಇಳಿಜಾರಲ್ಲಿ ತೊಂಬತ್ತೈದು," ಎಂದ.