ನಿದ್ದೆಯಲ್ಲಿರುವ ಆಂಪ್ಲಿಫೈಯರನ್ನು ಎಬ್ಬಿಸಬಾರದಾಗಿ ವಿನಂತಿ

ಹೃದಯವು ಹಗಲೂ ರಾತ್ರಿ ಅನಗತ್ಯವಾಗಿ ಬಡಿದುಕೊಳ್ಳುತ್ತದೆ ಎಂಬುದನ್ನು ನಮ್ಮ ಸಂಸ್ಥೆಯ ವಿದ್ಯುತ್ ಮಿತವ್ಯಯ ಸಮಿತಿಯು ಸರ್ವಾನುಮತದಿಂದ ಕಂಡುಕೊಂಡಿದೆ.

ಆದದ್ದು ಇಷ್ಟೇ. ಎದೆಬಡಿತದ ಕ್ಷೀಣ ಸಂಕೇತವನ್ನು ಹಿಗ್ಗಿಸಿ ಗೆರೆಯಾಗಿ ತೋರಿಸುವ, ಜೇಬಿನಲ್ಲಿ ಹಿಡಿಸುವಂಥ ಆಂಪ್ಲಿಫೈಯರ್ ಒಂದನ್ನು ನಮ್ಮ ಇಂಜಿನಿಯರ್ ಮೇಡಂ ತಯಾರಿಸಿದರು. ಮೊದಲು ಧರಿಸಿದವರು ಅವರ ಅಪ್ಪ. ಅವರ ಎದೆ ಆಗೀಗ ತಾಳ ತಪ್ಪುತ್ತಿತ್ತು; ತಪ್ಪಿದ್ದು ಗೆರೆಯಲ್ಲಿ ಕಾಣುವವರೆಗೆ ಚಿಕಿತ್ಸೆ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಯಂತ್ರವೇನೋ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿತ್ತು. ಆದರೆ ಅಂಗಿಗುಂಡಿಯಷ್ಟಿದ್ದ ಬ್ಯಾಟರಿ ವಾರಕ್ಕೇ ಗೊಟಕ್ ಎನ್ನುತ್ತಿತ್ತು. ನಿಯಮದ ಪ್ರಕಾರ ಅದು ವರ್ಷ ಬಾಳಬೇಕು.

"ಕೇಳಿದ್ದನ್ನೇ ಎಷ್ಟು ಸಲ ಕೇಳೋದು ಮೇಡಂ?" ಎಂದರು ನಿರ್ದೇಶಕರು. "ಲಬ್ ಡಬ್, ಲಬ್ ಡಬ್. ಹೊಸದೇನಾದ್ರೂ ಹೇಳುತ್ತಾ ಅದು? ಮಧ್ಯೆ ಮಧ್ಯೆ ಮಲಗಿಸಿ."

ಮೇಡಂ ಬಡಿತಕ್ಕೂ ಬಡಿತಕ್ಕೂ ನಡುವೆ ಸರ್ಕ್ಯೂಟನ್ನು ಮಲಗಿಸಿದರು. ಭಲೇ ಕೆಲಸ, ಸುಳ್ಳು ಹೇಳಬಾರದು! ಯಂತ್ರದ ಕಿವಿಗೆ ಒಂದು ಬಡಿತವೂ ತಪ್ಪಲಿಲ್ಲ, ಬ್ಯಾಟರಿ ತಿಂಗಳುಗಟ್ಟಲೆ ಬಂತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಮ್ಮದೆಂಥ ಸಮಿತಿ? ಊಟದ ವೇಳೆ, ರಜಾದಿನ, ಕಚೇರಿ ಮುಚ್ಚಿದ ಮೇಲೆ, ಎಲ್ಲಕ್ಕೂ ಯಂತ್ರಕ್ಕೆ ನಿದ್ದೆ ಮಂಜೂರಾಯಿತು. ಕೊನೆಗೆ ತಪಾಸಣಾಧಿಕಾರಿಗಳು ಬಂದಾಗ ಮಾತ್ರ ಎದ್ದರೆ ಸಾಕೆಂದು ತೀರ್ಮಾನವಾಗಿ, ಗೋಡೆಗೆ ಪ್ರಕಟಣೆ ಹತ್ತಿತು:

"ಯಂತ್ರ ಧರಿಸಿದವರು ತಮ್ಮ ಎದೆಯ ತೊಂದರೆಗಳನ್ನು ತಪಾಸಣೆಯ ವೇಳೆಗೆ ಹೊಂದಿಸಿಕೊಳ್ಳತಕ್ಕದ್ದು. ಇತರ ವೇಳೆಯಲ್ಲಿ ಉಂಟಾದ ತೊಂದರೆಯನ್ನು ಉಂಟಾಗಿಲ್ಲವೆಂದೇ ಪರಿಗಣಿಸಲಾಗುವುದು."

"ಏನಮ್ಮಾ ಇದು? ನಾನೇನು ಟೈಮ್ ನೋಡಿ ಎದೆ ಹಿಡ್ಕೊಳ್ಳಲಾ?" ಎಂದರು ಅಪ್ಪ.

"ಪ್ರಯತ್ನ ಮಾಡಿ ನೋಡಪ್ಪ," ಎಂದರು ಮೇಡಂ.

ಪಾಪ, ಮಾಡಿದರು. ತಪಾಸಣೆಯ ದಿನ ಮೆಟ್ಟಿಲು ಹತ್ತಿಳಿದರು, ನಮ್ಮ ಕ್ಯಾಂಟೀನಿನ ಕಾಫಿ ಕುಡಿದರು, ಸಾಲದ್ದಕ್ಕೆ ನಿರ್ದೇಶಕರ ಭಾಷಣವನ್ನೂ ಪೂರ್ತಿ ಕೇಳಿದರು. ಊಹೂಂ! ಹಾಳು ಹೃದಯ ಗಡಿಯಾರದ ಹಾಗೆ ಬಡಿಯಿತು. ಅಧಿಕಾರಿಗಳು ಗೆರೆ ನೋಡಿ, ಅಪ್ಪ ಆರೋಗ್ಯವಂತರೆಂದು ಸಹಿ ಹಾಕಿ, ಮೇಡಂಗೆ ಬಡ್ತಿಯ ಆದೇಶ ಕೊಟ್ಟು ಹೊರಟರು. ಯಂತ್ರ ನಿದ್ದೆಗೆ ಜಾರಿತು.

ಆಗ ಅಪ್ಪ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. "ಬಂತು! ಈಗ ಬಂತು ನೋಡಮ್ಮಾ!"

ಮೇಡಂ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದರು. ನಿರ್ದೇಶಕರು ಅಡ್ಡ ಬಂದರು.

"ಅಯ್ಯೋ ತಾಯಿ, ಏನ್ ಮಾಡ್ತಿದ್ದೀರಿ! ಈಗ ಎಬ್ಬಿಸಿದ್ರೆ ಆಯುಷ್ಯ ಎಷ್ಟು ಕಮ್ಮಿಯಾಗುತ್ತೆ ಗೊತ್ತಾ?"

"ಅಪ್ಪಂದು, ಸಾರ್..."

"ಬ್ಯಾಟರಿದು!"

ಮೇಡಂ ಕೈ ಸ್ವಿಚ್ಚಿನ ಮೇಲೇ ನಿಂತಿತು. ಇನ್ನೊಂದು ಕೈಯಲ್ಲಿ ಬಡ್ತಿಯ ಆದೇಶವಿತ್ತು. ನನಗೂ ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ.

"ಅಮ್ಮಾ..." ಎಂದು ಅಪ್ಪ ನರಳಿದರು.

"ಶ್!" ಎಂದೆವು ನಾವೆಲ್ಲ. "ಈಗಷ್ಟೇ ಮಲಗಿದೆ."

ಮೇಡಂ ಕೈ ಹಿಂತೆಗೆದರು. ಕಣ್ಣೊರೆಸಿಕೊಂಡು, "ಸ್ವಲ್ಪ ಮೆಲ್ಲಗಪ್ಪ," ಎಂದರು.

ಅಪ್ಪ ಒಳ್ಳೆಯ ಮನುಷ್ಯ. ತಪ್ಪಾಯಿತೆಂಬಂತೆ ತಲೆಯಾಡಿಸಿ, ಸದ್ದಾಗದಂತೆ ನರಳತೊಡಗಿದರು.