ಅಂಚೆಯ ಡೌವೆಗೆ ಕುರ್ಚಿ ಬೇಡ

ಇದು ನಿಜವಾಗಿ ನಡೆದ ಕತೆ. ನಡೆಯದೆ ಗತಿಯೂ ಇರಲಿಲ್ಲ. ಕತೆಯ ನಾಯಕ ಕೂರುವಂತಿರಲಿಲ್ಲ.

ಅಂಚೆಯ ಡೌವೆ ಮೂವತ್ತು ವರ್ಷ ಫ್ರೀಸ್‌ಲ್ಯಾಂಡಿನ ಎದುರುಗಾಳಿಗೆ ಸೈಕಲ್ ತುಳಿದಿದ್ದ. ಹೊಟ್ಟೆ ಮುಂದೆ ಬಂದಿತ್ತು, ಹಿಂಭಾಗ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು. ಕೊನೆಗೆ ಡಾಕ್ಟರು ಮುಂದಿನ ಕೊಬ್ಬನ್ನು ತೆಗೆದು ಹಿಂದಕ್ಕೆ ವರ್ಗ ಮಾಡಿದರು.

"ಮೂರು ವಾರ ಕೂರಬೇಡಿ. ಕೂತ್ರೆ ಹಾಕಿದ ಕೊಬ್ಬೆಲ್ಲ ಬಾಡಿಹೋಗುತ್ತೆ. ಈ ಎರಡು ಬಿಗಿಚಡ್ಡೀಲಿ ಒಂದು ಸದಾ ಮೈಮೇಲಿರಲಿ."

ವಿಷಯ ಹೆಂಡತಿ ಫೆಮ್ಕೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ಒಂಬತ್ತನೇ ದಿನಕ್ಕೆ ಅವನ ಐವತ್ತನೇ ಹುಟ್ಟುಹಬ್ಬ ಬಂತು. ನಡುಮನೆಯಲ್ಲಿ ವಾಡಿಕೆಯಂತೆ ಕುರ್ಚಿಗಳ ವೃತ್ತ. ನೆರೆಯವರೆಲ್ಲ ಕಾಫಿ, ಕೇಕು ಹಿಡಿದು ಕೂತರು. ನಡುವೆ ಡೌವೆ, ದೀಪದ ಕಂಬದಂತೆ.

"ಕೂತ್ಕೊಳೋ ಮಾರಾಯ, ನಿನ್ನ ನೋಡಿ ನೋಡಿ ಕತ್ತು ನೋಯ್ತಿದೆ," ಎಂದ ಮಾಂಸದಂಗಡಿಯ ಹಾರ್ಮ್.

"ಕಾಫಿ ಬಗ್ಗಿಸ್ಬೇಕಲ್ಲ!"

"ಮೂರು ಸಲ ಬಗ್ಗಿಸಿದ್ದಾಯ್ತು!"

ಹಾರ್ಮ್ ಕುರ್ಚಿಯನ್ನು ಅವನ ಮೊಣಕಾಲ ಹಿಂದಕ್ಕೇ ತಂದಿಟ್ಟ. ಡೌವೆ ಒಗ್ಗರಣೆಯ ಸಾಸಿವೆಯಂತೆ ಸಿಡಿದ. "ನಂಗೆ... ಮೂಲವ್ಯಾಧಿ!"

ಅಷ್ಟು ಸಾಕಾಯಿತು. ಒಬ್ಬರು ಐಸು ಅಂದರು, ಒಬ್ಬರು ಒಣದ್ರಾಕ್ಷಿ. ಹಾರ್ಮ್ ತನ್ನ ಮಾವನ ಆಪರೇಷನ್ನನ್ನು, ಮಾವನ ನರಳಾಟದ ಸಮೇತ, ಅಭಿನಯಿಸಿಯೇ ತೋರಿಸಿದ.

ಹಿಂದಿನ ಮನೆಯ ಗ್ರೀಟಜ್ಜಿ ಎದ್ದಳು. "ಸಾಕು ಬಿಡ್ರೋ. ಅಂಗಳಕ್ಕೆ ಬಾ ಮಗಾ, ನಿನ್ನ ಗೊಂಬೆ ನೋಡು."

ಐವತ್ತು ತುಂಬಿದವನ ಅಂಗಳದಲ್ಲಿ ನೆರೆಯವರು ಗುಟ್ಟಾಗಿ ಅವನದೇ ಗೊಂಬೆ ಮಾಡಿ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಈ ಗೊಂಬೆಗೆ ಅಂಚೆಯವನ ಅಂಗಿ, ಹಿಂದೆ ಎರಡು ದಪ್ಪ ತಲೆದಿಂಬು! ಕೊರಳಲ್ಲಿ ಹಲಗೆ: 'ಕೂರಿಸಬೇಡಿ. ಇನ್ನೂ ಹನ್ನೆರಡು ದಿನ.'

ಡೌವೆಯ ಮುಖ ಬೀಟ್‌ರೂಟಾಯಿತು. "ಯಾರಜ್ಜಿ ಹೇಳಿದ್ದು? ಫೆಮ್ಕೆನಾ?"

"ಅವಳ್ಯಾಕೆ ಹೇಳ್ತಾಳೆ? ನಿನ್ನ ಬಿಗಿಚಡ್ಡಿ ಹಿತ್ತಲ ತಂತಿ ಮೇಲೆ ಬಾವುಟದ ಥರ ಹಾರಾಡ್ತಿತ್ತಲ್ಲ! ನಂಗೊತ್ತಾಗಲ್ವಾ? ಹೋದ ವರ್ಷ ನಾನೂ ಅಂಥದ್ದನ್ನೇ ಹಾಕ್ಕೊಂಡಿದ್ದೆ!" ಎಪ್ಪತ್ತೊಂದರ ಗ್ರೀಟಜ್ಜಿ ಠೀವಿಯಿಂದ ಒಂದು ಸುತ್ತು ತಿರುಗಿದಳು. "ತಡ್ಕೋ ಮಗಾ. ಆಮೇಲೆ ನೋಡು, ಸೈಕಲ್ ಸೀಟೇ ನಿಂಗೆ ಥ್ಯಾಂಕ್ಸ್ ಹೇಳುತ್ತೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಡೌವೆ. ನಕ್ಕು ನಕ್ಕು ಹೊಟ್ಟೆಯ ಹೊಲಿಗೆ ಚುರುಗುಟ್ಟಿತು; ಪಕ್ಕದ ಬೆಂಚಿನತ್ತ ವಾಲಿದ.

"ಕೂರ್ಬೇಡ್ವೋ!" ಇಡೀ ಬೀದಿ ಕೂಗಿತು. ಕುರ್ಚಿ ತಂದಿಟ್ಟಿದ್ದ ಹಾರ್ಮನೇ ಹಾರಿ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ.

ಡೌವೆ ನಿಂತ. ಅವನ ನಗು ಮಾತ್ರ ನಿಲ್ಲಲಿಲ್ಲ.