ಆಲಮಟ್ಟಿ ಮುಟ್ಟಿಸದ ಅತ್ತೆ

ನಮ್ಮ ಅತ್ತೆಯವರ ಜೊತೆ ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಹೊರಡಬಹುದು. ಮುಟ್ಟುವುದೊಂದೇ ಕಷ್ಟ.

ಸಿಟ್ಟಿನಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸಿಟ್ಟು ಮಾಡಿದ್ದೂ ಆಗಿದೆ, ದೇವರ ಜಗಲಿಯ ಮುಂದೆ ಗಲ್ಲ ಬಡಿದುಕೊಂಡದ್ದೂ ಆಗಿದೆ.

ನನ್ನ ಆಸೆಯಾದರೂ ಎಷ್ಟು ದೊಡ್ಡದು? ಮುದ್ದೇಬಿಹಾಳಕ್ಕೆ ಸೊಸೆಯಾಗಿ ಬಂದು ಇಪ್ಪತ್ಮೂರು ವರ್ಷವಾಯಿತು. ಆಲಮಟ್ಟಿ ಬಹಳವೆಂದರೆ ಒಂದೂವರೆ ತಾಸಿನ ದಾರಿ. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದು ನೀರು ಬಿಟ್ಟಾಗ ಎಲ್ಲೆಲ್ಲಿಂದಲೋ ಮಂದಿ ಬಂದು ನೋಡಿ ಹೋಗುತ್ತಾರೆ. ನಾನು ಮಾತ್ರ ಓಣಿಯವರ ಮೊಬೈಲಿನಲ್ಲಿ ಅಂಗೈಯಷ್ಟು ನೀರು ನೋಡಿದವಳು. ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ. ಯಜಮಾನರನ್ನು ಕೇಳಿದರೆ, "ಹೆಂಗಸರಿಗೆ ಬಸ್ ಪುಕ್ಕಟ ಐತಿ. ಅವ್ವನ್ನ ಕರಕೊಂಡು ಹೋಗು" ಎಂದು ಅಡತಿ ಅಂಗಡಿಗೆ ನಡೆದರು. ತಮ್ಮ ಅವ್ವ ಎಂಥವರೆಂದು ಅವರಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಹೇಳಿದ್ದು.

ಮೊದಲ ಸಲ ಹೊರಟಾಗ ಬಸ್ಸು ಇನ್ನೂ ಸ್ಟ್ಯಾಂಡು ಬಿಟ್ಟಿರಲಿಲ್ಲ, ಅತ್ತೆ ಬುತ್ತಿಯ ಗಂಟು ಬಿಚ್ಚಿದರು. ಆಲಮಟ್ಟಿ ತೋಟದಲ್ಲಿ ಕುಳಿತು ಉಣ್ಣಲೆಂದು ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಈಗ್ಯಾಕ್ರಿ ಅತ್ತಿ?"

"ಮುಂದಿನ ಸೀಟಿನಾಕಿ ಮುಂಜಾನಿಂದ ಏನೂ ತಿಂದಿಲ್ಲಂತ."

ಮುಂದಿನ ಸೀಟಿನಾಕಿಗೆ ಕೊಟ್ಟ ಮೇಲೆ ಹಿಂದಿನವರಿಗೆ ಕೊಡದಿದ್ದರೆ ಹೇಗೆ? ನಾಲ್ಕು ಸೀಟು ದಾಟುವಷ್ಟರಲ್ಲಿ ಬುತ್ತಿ ಖಾಲಿ. ಮುಂದಿನ ಸೀಟಿನ ಆ ಹೆಣ್ಣುಮಗಳು ಅತ್ತೆಯ ತವರೂರಿನವಳೆಂದೂ, ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದಾಳೆಂದೂ ತಿಳಿಯಿತು. ಅವಳು ಬಾಯಿ ಮಾತಿಗೆ "ನೀವೂ ಬರ್ರಿ" ಅಂದಳು. ಅತ್ತೆ ಹೋಗೇಬಿಟ್ಟರು. ಹೆಸರೂ ಗೊತ್ತಿಲ್ಲದ ಕೂಸಿಗೆ ನಾನು ಜೋಗುಳ ಹಾಡಿ ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಹೋಳಿಗೆ ಚೆನ್ನಾಗಿತ್ತು, ಅದೊಂದು ಪುಣ್ಯ.

ಎರಡನೇ ಸಲ ನಾನು ಬಾಟಲಿಗೆ ನೀರು ತುಂಬಿಕೊಂಡು ಬರುವಷ್ಟರಲ್ಲಿ, ಆಗತಾನೇ ಬಂದು ನಿಂತ ಬಸ್ಸೊಂದರ ಕಿಟಕಿಯೊಳಗೆ ಅತ್ತೆ ಚೀಲ ಒಗೆದು ಸೀಟು ಹಿಡಿದಿದ್ದರು. ನಮ್ಮ ಕಡೆ ಟವೆಲ್ಲು ಒಗೆದು ಸೀಟು ಹಿಡಿಯುವುದು ಎಲ್ಲರ ರೂಢಿ. ಆದರೆ ಅತ್ತೆ ಒಗೆದ ಚೀಲದಲ್ಲಿ ಬುತ್ತಿ ಇತ್ತು, ನಮ್ಮಿಬ್ಬರ ಆಧಾರ್ ಕಾರ್ಡುಗಳೂ ಇದ್ದವು. ಹತ್ತಲು ನೂಕುನುಗ್ಗಲು, ನಾವು ಬಾಗಿಲ ಹತ್ತಿರ ಹೋಗುವ ಮೊದಲೇ ಬಸ್ಸು ಹೊರಟಿತು. ಹಿಂದಿನ ಬೋರ್ಡು ಆಗ ಕಂಡಿತು: ಸಿಂದಗಿ.

"ಬೋರ್ಡ್ ನೋಡಬಾರದೇನ್ರಿ?"

"ಮೊದಲ ಸೀಟ್ ಹಿಡೀಬೇಕವ್ವಾ, ಊರು ಆಮ್ಯಾಲೆ ಕೇಳಬೇಕು."

ಇನ್ನೇನು ಮಾಡುವುದು? ಮುಂದಿನ ಬಸ್ಸಿನಲ್ಲಿ ರೊಕ್ಕ ಕೊಟ್ಟು ಚೀಲದ ಬೆನ್ನು ಹತ್ತಿ ಸಿಂದಗಿಗೆ ಹೋದೆವು. ಅಲ್ಲಿ ಕಂಟ್ರೋಲರ್ ಖೋಲಿಯಲ್ಲಿ ಅದು ಭದ್ರವಾಗಿತ್ತು. ನಾವಿಬ್ಬರೂ ದಾರಿಯುದ್ದಕ್ಕೂ ಕಂಬ ಹಿಡಿದು ನಿಂತು ಹೋಗಿದ್ದೆವು. ಚೀಲ ಮಾತ್ರ ಕಿಟಕಿ ಪಕ್ಕದಲ್ಲಿ ಕುಳಿತು ಹೋಗಿತ್ತು.

ಈ ವರ್ಷ ಶ್ರಾವಣದಲ್ಲಿ ಮತ್ತೆ ಗೇಟು ತೆಗೆದರೆಂಬ ಸುದ್ದಿ ಬಂತು. ನಾನು ಕರಾರು ಹಾಕಿದೆ: ಬುತ್ತಿ ಬಿಚ್ಚುವಂತಿಲ್ಲ, ಚೀಲ ನನ್ನ ಕೈಯಲ್ಲಿ, ನಡುವೆ ಇಳಿಯುವಂತಿಲ್ಲ. ಅತ್ತೆ ಎಲ್ಲಕ್ಕೂ ಗೋಣು ಹಾಕಿದರು. ನಿಡಗುಂದಿ ಹತ್ತಿರ ಬಂದಾಗ ಮೆಲ್ಲಗೆ, "ಇವತ್ತ ಶನಿವಾರ. ಯಲಗೂರ ಹನಮಪ್ಪಗ ಕೈ ಮುಗದು ಮುಂದ ಹೋದ್ರ ಹೆಂಗ?" ಅಂದರು.

ದೇವರ ಹೆಸರು ಎತ್ತಿದರೆ ನಾನು ಒಲ್ಲೆ ಎನ್ನುವವಳಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ಇಳಿದೆವು. ಗುಡಿಗೆ ಹನ್ನೊಂದು ಸುತ್ತು ಎಂದು ಶುರು ಮಾಡಿದವರು, ಗುರುತಿನವರು ಸಿಕ್ಕಾಗಲೆಲ್ಲ ನಿಂತು ಮಾತಾಡಿ, ಎಣಿಕೆ ತಪ್ಪಿ, ಮತ್ತೆ ಒಂದರಿಂದ ಸುತ್ತಿದರು. ಹನಮಪ್ಪನಿಗೇ ತಲೆ ತಿರುಗಿರಬೇಕು!

ಆಲಮಟ್ಟಿ ಮುಟ್ಟಿದಾಗ ಮಧ್ಯಾಹ್ನ ಎರಡು. ಡ್ಯಾಮಿನ ದಾರಿಯಲ್ಲಿ ಕಾವಲಿನ ಮನುಷ್ಯ ಕೈ ಅಡ್ಡ ಹಿಡಿದ. "ಹನ್ನೆರಡರ ತನಕ ಒಳಗ ಬಿಟ್ಟಿದ್ವಿರಿ. ಮಂದಿ ಭಾಳ ಆತು. ಇನ್ನ ಇವತ್ತ ಬಿಡಂಗಿಲ್ರಿ."

ನೀರಿನ ಸಪ್ಪಳ ಕೇಳುತ್ತಿತ್ತು. ಕಾಣುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಆತಲ್ರಿ. ನಡೀರಿ ಮನಿಗೆ" ಎಂದು ತಿರುಗಿ ನಡೆದೆ.

ಅತ್ತೆ ಹಿಂದೆ ಬರಲಿಲ್ಲ. ಆ ಮನುಷ್ಯನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ತಮ್ಮಾ, ಇಕಿ ನಮ್ಮ ಮನಿಗೆ ಬಂದು ಇಪ್ಪತ್ಮೂರು ವರ್ಷ ಆತು. ಒಂದು ಸೀರಿ ಕೇಳಲಿಲ್ಲ, ಒಂದು ಬಳಿ ಕೇಳಲಿಲ್ಲ. ಈ ನೀರು ನೋಡಬೇಕು ಅಂತ ಇಷ್ಟೇ ಕೇಳ್ಯಾಳ. ಅದನ್ನೂ ನಾನ ಮೂರು ಸಲ ತಪ್ಪಿಸೇನಿ. ನನ್ನ ಬಿಡಬ್ಯಾಡ, ನಾ ಇಲ್ಲೇ ಕುಂದರತೇನಿ. ಇಕಿ ಒಬ್ಬಾಕಿನ್ನ ಬಿಡು."

ಅವನು ತಲೆ ಕೆರೆದುಕೊಂಡ. "ಬಿಡಾಕ ಬರಂಗಿಲ್ಲ ಯವ್ವಾ. ಹೈವೇದ ಬಸ್ ಹತ್ತರಿ. ಹೊಳಿ ದಾಟೂಮುಂದ ಬ್ರಿಡ್ಜ್ ಮ್ಯಾಲಿಂದ ಗೇಟ್ ಎಲ್ಲಾ ಕಾಣ್ತಾವು."

ಹತ್ತಿದೆವು. ಬಸ್ಸು ಕಿಕ್ಕಿರಿದಿತ್ತು. ಸೇತುವೆ ಬರುತ್ತಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂದಿಯನ್ನು ಎರಡೂ ಕೈಯಿಂದ ಸರಿಸತೊಡಗಿದರು.

"ಸರೀರಿ, ಸ್ವಲ್ಪ ಹಾದಿ ಬಿಡ್ರಿ. ನಮ್ಮ ಹುಡುಗಿ ನೀರು ನೋಡಬೇಕು."

ಜನ ಬಗ್ಗಿ ಹುಡುಗಿ ಎಲ್ಲಿ ಎಂದು ಹುಡುಕಿದರು. ಅರ್ಧ ತಲೆ ಬೆಳ್ಳಗಾದ, ಕನ್ನಡಕದ, ಕಾಲೇಜು ಕಲಿಯುವ ಮಗಳಿರುವ ನಾನು ಮುಂದೆ ಬಂದೆ. ಯಾರೂ ನಗಲಿಲ್ಲ. ಕಿಟಕಿಯ ಹತ್ತಿರ ಜಾಗ ಬಿಟ್ಟರು.

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು, "ಎಷ್ಟು ಗೇಟ್ ತಗದಿದ್ರು?" ಎಂದು ಕೇಳಿದರು. ನಾನು ಎಣಿಸಿರಲಿಲ್ಲ. ಕನ್ನಡಕಕ್ಕೆ ಡ್ಯಾಮಿನ ನೀರು ಸಿಡಿದಿತ್ತು ಅಂದೆ.

ಡ್ಯಾಮಿನ ನೀರು ಆ ಸೇತುವೆಯ ತನಕ ಸಿಡಿಯುವುದಿಲ್ಲ.